ನಡುಮನೆಯ ಆಕಾಶವಾಣಿ

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿ ಒಂದೊಂದಾಗಿ ಮನೆಗಳು ಏಳುತ್ತಿದ್ದ ಮುಂದಿನ ಎರಡು ದಶಕಗಳಲ್ಲಿ, ಅನುಕೂಲಸ್ಥರ ನಡುಮನೆಯಲ್ಲಿ ರೇಡಿಯೋಗೆಂದೇ ಒಂದು ಜಾಗವಿರುತ್ತಿತ್ತು. ಮರ್ಫಿಯೋ ಫಿಲಿಪ್ಸೋ, ಅದರ ಮೇಲೊಂದು ಕಸೂತಿ ಬಟ್ಟೆ, ಗೋಡೆಯಿಂದ ಗೋಡೆಗೆ ಎಳೆದ ಜಾಲರಿಯ ಏರಿಯಲ್. ಗುಂಡಿ ತಿರುವಿದ ಕೂಡಲೇ ಧ್ವನಿ ಬರುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕಾಯಬೇಕು. ಅಷ್ಟರಲ್ಲಿ ಮನೆಮಂದಿ ಬಂದು ಚಾಪೆಯ ಮೇಲೆ ಕೂತಿರುತ್ತಿದ್ದರು.

ಹೀಗೆ ಕೂಡಿ ಕೇಳುವುದಕ್ಕೆ ಅಕ್ಕರೆಯೊಂದೇ ಕಾರಣವಲ್ಲ. ಸೆಟ್ಟು ದುಬಾರಿ, ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಬೇರೆ ಕಟ್ಟಬೇಕಿತ್ತು. ಇರುವ ಒಂದೇ ಪೆಟ್ಟಿಗೆಯಲ್ಲಿ ಅಜ್ಜಿಗೆ ಕಚೇರಿ, ಅಪ್ಪನಿಗೆ ವಾರ್ತೆ, ಮಕ್ಕಳಿಗೆ ಬುಧವಾರ ರಾತ್ರಿ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ. ಒಬ್ಬರಿಗೆ ಬೇಕಾದದ್ದನ್ನು ಉಳಿದವರೂ ಕೇಳಲೇಬೇಕು. ಪಲ್ಲವಿ ಅನುಪಲ್ಲವಿಗಳು ಎಷ್ಟೋ ಹುಡುಗರ ಕಿವಿಗೆ ಬಿದ್ದದ್ದು ಹೀಗೆ, ಇಷ್ಟವಿಲ್ಲದೆ!

ಕನ್ನಡನಾಡಿಗೆ ಬಾನುಲಿ ಬಂದದ್ದು ಸರ್ಕಾರದಿಂದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಪುಟ್ಟ ನಿಲಯದ್ದು. ದೇಶಕ್ಕೆಲ್ಲ ಹರಡಿದ್ದು ಆಮೇಲೆ. ಬೆಂಗಳೂರು ನಿಲಯ ಆರಂಭವಾದದ್ದು 1955ರ ನವೆಂಬರ್ 2ರಂದು.

ಆ ಹೊತ್ತಿಗೆ ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿತ್ತು. ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸದು. ಕೇಳುಗರು ಸಿಲೋನಿನತ್ತ ಮುಳ್ಳು ತಿರುಗಿಸಿದರು; 1957ರಲ್ಲಿ ವಿವಿಧ ಭಾರತಿ ಬಂದದ್ದು ಅವರನ್ನು ಮರಳಿ ಕರೆತರಲು. ಆದರೆ ಈ ಮಡಿವಂತಿಕೆಯಿಂದ ಕನ್ನಡಕ್ಕೆ ಒಂದು ಲಾಭವೂ ಆಯಿತೆನ್ನಬೇಕು. ತೆರವಾದ ಜಾಗಕ್ಕೆ ಸುಗಮ ಸಂಗೀತ ಬಂತು. ಪಿ. ಕಾಳಿಂಗರಾಯರಂಥವರ ಕಂಠದಲ್ಲಿ ಬೇಂದ್ರೆ, ಕುವೆಂಪು ಕವಿತೆಗಳು ಪುಸ್ತಕ ಮುಟ್ಟದವರ ಮನೆಗೂ ಬಂದವು. ಅಡುಗೆಮನೆಯಲ್ಲಿ ಗುನುಗುವ ಹಾಡು ಕವಿಯದ್ದಾಗಿರುವುದು ಸಣ್ಣ ಮಾತಲ್ಲ.

ನಾಟಕದ ರಾತ್ರಿಯ ಗತ್ತೇ ಬೇರೆ. ಕಾಣುವುದಕ್ಕೆ ಏನೂ ಇಲ್ಲ. ಸ್ಟುಡಿಯೋದಲ್ಲಿ ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ, ತಗಡು ಅಲುಗಿಸಿದರೆ ಗುಡುಗು. ಅರಮನೆ ಕಟ್ಟುವುದು ಕೇಳುಗನ ಪಾಲಿನ ಕೆಲಸ. ಒಂದೇ ಚಾಪೆಯ ಮೇಲೆ ಐದು ಜನರಿದ್ದರೆ ಐದು ಅರಮನೆ. ನಟರಿಗೆ ಮುಖವಿರಲಿಲ್ಲ, ಹೆಸರಿತ್ತು: ಎ.ಎಸ್. ಮೂರ್ತಿಯವರು ಕೇಳುಗರಿಗೆ 'ಆಕಾಶವಾಣಿ ಈರಣ್ಣ'. ಬನಶಂಕರಿಗೆ ಹತ್ತಿರದ ಹನುಮಂತನಗರದಲ್ಲಿ 'ಅಭಿನಯ ತರಂಗ' ಎಂಬ ನಾಟಕ ಶಾಲೆ ಕಟ್ಟಿದವರೂ ಅವರೇ.

ಈ ಕೂಟವನ್ನು ಟಿ.ವಿ. ಚದುರಿಸಿತೆಂದು ದೂರುವುದುಂಟು. ಬೆಂಗಳೂರಿಗೆ ದೂರದರ್ಶನ ಬಂದದ್ದು 1980ರ ದಶಕದಲ್ಲಿ. ಅದಕ್ಕೂ ಮೊದಲೇ ಟ್ರಾನ್ಸಿಸ್ಟರ್ ಬಂದಿತ್ತು. ವಾಲ್ವು ಕಾಯಬೇಕಿಲ್ಲ, ಗೋಡೆಯ ಪ್ಲಗ್ಗೂ ಬೇಡ, ಎರಡು ಬ್ಯಾಟರಿ ಸಾಕು. ಅಮ್ಮನ ಭಾವಗೀತೆ ಒಲೆಯ ಪಕ್ಕಕ್ಕೆ ಹೋಯಿತು, ಮಗನ ಕ್ರಿಕೆಟ್ ಕಾಮೆಂಟರಿ ಕಾಂಪೌಂಡಿಗೆ. ನಡುಮನೆಯ ದೊಡ್ಡ ಪೆಟ್ಟಿಗೆ ಕೆಟ್ಟಾಗ ರಿಪೇರಿಗೆ ಒಯ್ಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.