ಹಾಡಿದ್ದು ಲಂಡನ್ನಿನಲ್ಲಿ, ಪ್ಲೇಟು ಬಂದದ್ದು ಮೈಸೂರಿಗೆ!

1950ನೇ ಇಸವಿ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಜರ್ಮನಿಯ ಹೆಸರಾಂತ ಸಂಗೀತಕಾರ ರಿಚರ್ಡ್ ಸ್ಟ್ರಾಸ್ 84ನೇ ವಯಸ್ಸಿನಲ್ಲಿ ಬರೆದಿಟ್ಟು ಕಣ್ಮುಚ್ಚಿದ ಕೊನೆಯ ನಾಲ್ಕು ಹಾಡುಗಳು ಅಂದು ಮೊಟ್ಟಮೊದಲು ಜನರ ಕಿವಿಗೆ ಬಿದ್ದವು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯಮೇಳದ ಮುಂದೆ ಕೋಲು ಹಿಡಿದು ನಿಂತವರು ಫರ್ಟ್‌ವೆಂಗ್ಲರ್. ಇಬ್ಬರೂ ಆ ಕಾಲಕ್ಕೆ ಎದುರಿಲ್ಲದವರು.

ಇಷ್ಟು ದೊಡ್ಡ ಕಚೇರಿಗೆ 4,800 ಡಾಲರ್ ಜಾಮೀನು ನಿಂತವರು ಯಾರು ಗೊತ್ತೆ? ಮೈಸೂರಿನ ಜಯಚಾಮರಾಜ ಒಡೆಯರು!

ಅವರು ಆ ಕಚೇರಿಗೆ ಹೋಗಿರಲೇ ಇಲ್ಲ. ಹಾಗಾದರೆ ದುಡ್ಡು ಯಾಕೆ ಕೊಟ್ಟರು ಅಂತೀರಾ? ಆ ಹಾಡುಗಳನ್ನು ಮುದ್ರಿಸಿ ಮೈಸೂರಿಗೆ ಕಳಿಸಲಿ ಅಂತ. ಅರಮನೆಯ ಸಂಗ್ರಹಕ್ಕೆ ಇನ್ನೊಂದು ಪ್ಲೇಟು ಸೇರಲಿ ಅಂತ. ಆಗಲೇ ಆ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವು ಎಂದು ಅಂದಾಜು.

ಇಪ್ಪತ್ತು ಸಾವಿರ! ಪ್ಲೇಟಿಗೆ ಎರಡು ಮಗ್ಗುಲು, ಮಗ್ಗುಲಿಗೆ ನಾಲ್ಕು ನಿಮಿಷ ಅಂತ ಹಿಡಿದರೂ ಎಲ್ಲವನ್ನೂ ಒಂದು ಸಲ ಕೇಳಿ ಮುಗಿಸಲು ದಿನಕ್ಕೆ ಎಂಟು ಗಂಟೆಯಂತೆ ಹನ್ನೊಂದು ತಿಂಗಳು ಕೂತಿರಬೇಕು. ರಾಜ್ಯಭಾರ ಮಾಡುವ ದೊರೆಗೆ ಅಷ್ಟು ಬಿಡುವೆಲ್ಲಿ?

ಇಲ್ಲೇ ಇರುವುದು ಪ್ರಶ್ನೆ. ಹೊಸ ಸೀರೆ ಕೊಂಡರೆ ಪಕ್ಕದ ಮನೆಯವರಿಗೆ ತೋರಿಸಬೇಕು ಅನ್ನಿಸುತ್ತದೆ. ಹೊಸ ಪ್ಲೇಟು ಕೊಂಡರೆ ಪಕ್ಕದ ಮನೆಯವರಿಗೆ ಕೇಳಿಸಬೇಕು ಅನ್ನಿಸುತ್ತದೆ. ಕೊಂಡದ್ದನ್ನು ಹಂಚಿಕೊಳ್ಳದೆ ಬೀಗ ಹಾಕಿಟ್ಟರೆ ಅದು ಸಂಗೀತವೋ, ಬರೀ ಸಾಮಾನೋ?

ಪಿಯಾನೋ ಬಿಟ್ಟು ಪಟ್ಟವೇರಿದವರು

ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಕಚೇರಿ ಕೊಡುವಂಥ ಪಿಯಾನೋ ವಾದಕರಾಗಬೇಕು ಎನ್ನುವುದು ಅವರ ಹರೆಯದ ಆಸೆ. ಆದರೆ 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ಹೋದರು, ದೊಡ್ಡಪ್ಪ ನಾಲ್ವಡಿಯವರೂ ಹೋದರು. ಇಪ್ಪತ್ತೊಂದರ ಹುಡುಗನ ತಲೆಗೆ ಕಿರೀಟ ಬಂತು. ಪಿಯಾನೋ ಆಸೆ ಅಲ್ಲಿಗೇ ನಿಂತಿತು.

ಕೈಗೆ ಸಿಗದ್ದು ಕಿವಿಗಾದರೂ ಸಿಗಲಿ ಎಂದುಕೊಂಡರೋ ಏನೋ, ಪ್ಲೇಟುಗಳ ಸಂಗ್ರಹ ಬೆಳೆಯುತ್ತಾ ಹೋಯಿತು. ಹಾಗಂತ ಇವರು ನಮ್ಮ ಸಂಗೀತ ಬಿಟ್ಟು ಪರದೇಶದ್ದಕ್ಕೆ ಮರುಳಾದವರೂ ಅಲ್ಲ. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು ಇವರೇ.

ಒಂದು ನಾಟಕಕ್ಕೆ ಒಂದು ಹೊರೆ ಪ್ಲೇಟು

ಆ ಕಾಲದಲ್ಲಿ ಪ್ಲೇಟು ಕೂಡಿಸುವುದು ಸುಲಭದ ಹವ್ಯಾಸವಾಗಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಇಂಚಿನ ದೊಡ್ಡ ಪ್ಲೇಟಿನಲ್ಲೂ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ನಾಲ್ಕೂವರೆ ನಿಮಿಷದ ಸಂಗೀತ. ಹತ್ತು ಇಂಚಿನದಾದರೆ ಮೂರೇ ನಿಮಿಷ.

ಒಪೆರಾ ಎಂಬುದು ಪಾಶ್ಚಾತ್ಯರ ಸಂಗೀತ ನಾಟಕ. ಕಂಪನಿ ನಾಟಕದಲ್ಲಿ ಮಾತಿನ ನಡುವೆ ಹಾಡು ಬಂದರೆ, ಅಲ್ಲಿ ಬಹುಪಾಲು ಮಾತೂ ಹಾಡೇ. ಎರಡೂವರೆ ಗಂಟೆಯ ಒಂದು ಒಪೆರಾ ಪೂರ್ತಿ ಬೇಕೆಂದರೆ ಮೂವತ್ತಮೂರು, ಮೂವತ್ತನಾಲ್ಕು ಮಗ್ಗುಲು. ಅಂದರೆ ಹದಿನೇಳು ಪ್ಲೇಟು! ನಾಯಕಿ ಪ್ರಾಣ ಬಿಡುವ ಹೊತ್ತಿಗೆ ಪ್ಲೇಟು ಮುಗಿಯುತ್ತಿತ್ತು. ಎದ್ದು ಹೋಗಿ ಮಗ್ಗುಲು ಬದಲಿಸಿ, ಮುಳ್ಳು ಹಾಕಿ, ಕೀಲಿ ಕೊಟ್ಟು ಮತ್ತೆ ಕೂತರೆ ಆಕೆ ಉಳಿದ ಪ್ರಾಣ ಬಿಡುತ್ತಿದ್ದಳು.

ಈ ಪ್ಲೇಟುಗಳಿಗೆ ಬಳಸುತ್ತಿದ್ದ ವಸ್ತು ಯಾವುದು ಗೊತ್ತೆ? ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣದ ಹೊಳಪು ಕೊಡುವ ಅದೇ ಅರಗು. ಮರದ ರೆಂಬೆಯ ಮೇಲೆ ಸಣ್ಣ ಹುಳು ಕಟ್ಟುವ ಈ ಅಂಟಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದರೆ ಪ್ಲೇಟು. ಜಗತ್ತಿಗೆ ಹೆಚ್ಚಿನ ಅರಗು ಹೋಗುತ್ತಿದ್ದುದು ಭಾರತದಿಂದಲೇ. ಎರಡನೇ ಮಹಾಯುದ್ಧದಲ್ಲಿ ಅರಗಿಗೆ ತತ್ವಾರ ಬಂದಾಗ ಅಮೆರಿಕದ ಕಂಪನಿಗಳು ಹಳೇ ಪ್ಲೇಟುಗಳನ್ನು ಜನರಿಂದ ವಾಪಸ್ ಕೊಂಡು, ಕರಗಿಸಿ ಹೊಸದು ಒತ್ತಿದವು. ಅಂದರೆ ನಮ್ಮ ಕಾಡಿನ ಅರಗು ಹಡಗು ಹತ್ತಿ ಹೋಗಿ, ಬೇತೋವನ್ ಆಗಿ ವಾಪಸ್ ಬರುತ್ತಿತ್ತು!

ಗಣಪತಿ ಚಂದಾದಂಥ ಉಪಾಯ

ಹೊರೆ ಪ್ಲೇಟು, ಹೊರೆ ಖರ್ಚು. ಕೊಳ್ಳುವವರು ಕಡಿಮೆ. ಹಾಗಾಗಿ ಕಂಪನಿಗಳು ಜನಪ್ರಿಯವಲ್ಲದ ಸಂಗೀತವನ್ನು ಮುದ್ರಿಸಲು ಹಿಂದೆ ಮುಂದೆ ನೋಡುತ್ತಿದ್ದವು. ನಾಯಿ ಮಾರ್ಕಿನ ಎಚ್.ಎಂ.ವಿ. ಕಂಪನಿಯಲ್ಲಿದ್ದ ವಾಲ್ಟರ್ ಲೆಗ್ ಎಂಬ ಚುರುಕು ತಲೆಯ ಯುವಕ 1931ರಲ್ಲಿ ಒಂದು ಉಪಾಯ ಹೂಡಿದ. ಮೊದಲು ಚಂದಾ, ಆಮೇಲೆ ಪ್ಲೇಟು! ಹ್ಯೂಗೋ ವೋಲ್ಫ್ ಎಂಬ ಸಂಗೀತಕಾರನ ಹಾಡುಗಳು ಬೇಕಾದವರು 500 ಮಂದಿ ಮುಂಗಡ ಕೊಡಲಿ, ಮುದ್ರಿಸುತ್ತೇವೆ ಎಂದ. ಜನ ಕೂಡಿದರು, ಪ್ಲೇಟು ಬಂತು.

ಬೀದಿಯ ಗಣಪತಿಗೆ ಎಲ್ಲರೂ ಚಂದಾ ಹಾಕಿ ಎಲ್ಲರೂ ಪ್ರಸಾದ ತಿನ್ನುವುದಿಲ್ಲವೇ, ಹಾಗೆ. ಇದೇ ದಾರಿಯಲ್ಲಿ ಶ್ನಾಬೆಲ್ ನುಡಿಸಿದ ಬೇತೋವನ್‌ನ 32 ಪಿಯಾನೋ ಸೊನಾಟಾಗಳು ಬಂದವು. ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಎಂಬ ಹಳ್ಳಿಗಾಡಿನ ರಂಗಮಂದಿರದಲ್ಲಿ ಆಡಿದ ಮೊಜಾರ್ಟ್‌ನ ಒಪೆರಾಗಳು 1930ರ ದಶಕದ ನಡುವಿನಲ್ಲಿ ಬಂದವು. ಒಬ್ಬೊಬ್ಬರಾಗಿ ಆಗದ್ದು ಕೂಡಿ ಕೊಂಡಾಗ ಆಯಿತು.

ಐನೂರು ಜನರ ಕೆಲಸ ಒಬ್ಬರೇ ಮಾಡಿದರು

ಈಗ ಮೈಸೂರಿನ ಕಥೆಗೆ ಬನ್ನಿ. ರಷ್ಯಾದಲ್ಲಿ ಹುಟ್ಟಿ, ಊರೂರು ಅಲೆದು ಲಂಡನ್ ಸೇರಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರನಿದ್ದ. ಯುದ್ಧ ಬಂದು, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಹೃದಯದ ಕಾಯಿಲೆ ಬೇರೆ. ಅವನ ಸಂಗೀತಕ್ಕೆ 500 ಚಂದಾದಾರರನ್ನು ಎಲ್ಲಿಂದ ತರುವುದು?

ತರುವ ಕೆಲಸವೇ ಇಲ್ಲ ಎಂದರು ಮಹಾರಾಜರು. ಮೆಟ್ನರ್ ಸೊಸೈಟಿ ಎಂದು ಹೆಸರಿಟ್ಟು ಪೂರ್ತಿ ಖರ್ಚಿಗೆ ತಾವೇ ನಿಂತರು. ಮುದುಕ ಮೆಟ್ನರ್ ತಾನೇ ಪಿಯಾನೋ ಮುಂದೆ ಕೂತು, ತನ್ನ ಮೂರು ಕನ್ಸರ್ಟೋಗಳನ್ನು 1947ರಲ್ಲಿ ನುಡಿಸಿದ. ಪಿಯಾನೋ ಮುಂದೆ, ವಾದ್ಯಮೇಳ ಹಿಂದೆ ನುಡಿಯುವ ದೊಡ್ಡ ಕೃತಿಗಳು ಇವು. ಮೂರನೆಯದನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ. 1951ರ ನವೆಂಬರಿನಲ್ಲಿ ತೀರಿಕೊಂಡ.

ನಾಲ್ಕು ವರ್ಷ ತಡವಾಗಿದ್ದರೆ ಆ ಕನ್ಸರ್ಟೋಗಳು ಆ ಕೈಯಿಂದ ಜಗತ್ತಿಗೆ ಸಿಗುತ್ತಲೇ ಇರಲಿಲ್ಲ. ಇಂದು ಮಾಸ್ಕೋದಲ್ಲೋ ಟೋಕಿಯೋದಲ್ಲೋ ಪಿಯಾನೋ ಕಲಿಯುವ ಹುಡುಗ ಮೆಟ್ನರ್ ಆ ಕನ್ಸರ್ಟೋಗಳನ್ನು ಹೇಗೆ ನುಡಿಸುತ್ತಿದ್ದ ಎಂದು ಕೇಳಬೇಕಾದರೆ ಮೈಸೂರು ದುಡ್ಡಿನಲ್ಲಿ ಆದ ಪ್ಲೇಟನ್ನೇ ಕೇಳಬೇಕು.

1949ರಲ್ಲಿ ವಾಲ್ಟರ್ ಲೆಗ್ ಖುದ್ದಾಗಿ ಮೈಸೂರಿಗೆ ಬಂದ. ಮೂವತ್ತರ ಆಸುಪಾಸಿನ ದೊರೆ, ಅರಮನೆಯಲ್ಲಿ ಗೋಡೆಗಟ್ಟಲೆ ಪ್ಲೇಟು, ಬಗೆಬಗೆಯ ಸ್ಪೀಕರು, ದೊಡ್ಡ ದೊಡ್ಡ ಪಿಯಾನೋಗಳು. ಇದನ್ನೆಲ್ಲ ಕಂಡು ಬೆರಗಾದ ಎಂದು ಅವನೇ ಬರೆದಿಟ್ಟಿದ್ದಾನೆ. ಬರಿಗೈಯಲ್ಲಿ ಹೋಗಲಿಲ್ಲ. ತಾನು 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯಮೇಳಕ್ಕೆ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವಿನ ಮಾತು ಪಡೆದೇ ಹೋದ. ಬದಲಿಗೆ ಮಹಾರಾಜರು ಕೇಳಿದ್ದು ಪ್ಲೇಟು! ಯಾರೂ ಮುದ್ರಿಸದ ಕೃತಿಗಳನ್ನು ಮುದ್ರಿಸಿ ಎಂದರು. ಬಲಾಕಿರೆವ್‌ನ ಸಿಂಫನಿ, ರೂಸೆಲ್‌ನ ನಾಲ್ಕನೇ ಸಿಂಫನಿ ಅದೇ ವರ್ಷ ಕರಯಾನ್ ನಿರ್ದೇಶನದಲ್ಲಿ ಮುದ್ರಣವಾದವು.

ಅದೇ ವಾದ್ಯಮೇಳ 1952ರಲ್ಲಿ ಫರ್ಟ್‌ವೆಂಗ್ಲರ್ ಕೈಕೆಳಗೆ, ಫ್ಲಾಗ್‌ಸ್ಟಾಡ್ ಅವರನ್ನೇ ನಾಯಕಿಯಾಗಿಟ್ಟುಕೊಂಡು ವಾಗ್ನರ್‌ನ 'ಟ್ರಿಸ್ಟಾನ್ ಮತ್ತು ಇಸೋಲ್ಡೆ' ಒಪೆರಾವನ್ನು ಪೂರ್ತಿಯಾಗಿ ಮುದ್ರಿಸಿತು. ಒಪೆರಾ ಬಲ್ಲವರು ಇವತ್ತಿಗೂ ಇದನ್ನು ಕೇಳಲೇಬೇಕಾದ ಪ್ಲೇಟುಗಳ ಸಾಲಿನಲ್ಲಿ ಮುಂದಿಡುತ್ತಾರೆ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ 1948ರಲ್ಲಿ ಬಂದ ಲಾಂಗ್ ಪ್ಲೇ ರೆಕಾರ್ಡು ಇಂಗ್ಲೆಂಡಿಗೂ ಬಂದಿತ್ತು. ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿ ಹಾಡುತ್ತಿತ್ತು. ಹದಿನೇಳು ಪ್ಲೇಟಿನ ಹೊರೆ ಮೂರು ನಾಲ್ಕಕ್ಕೆ ಇಳಿಯಿತು.

ಊರಿಗೇನು ಸಿಕ್ಕಿತು?

ಇದನ್ನು ಕೇಳಿ ಎದೆಯುಬ್ಬಿಸಿಕೊಳ್ಳುವ ಮುಂಚೆ ಇನ್ನೊಂದು ಮಾತೂ ಕೇಳಬೇಕು. ಲಂಡನ್ನಿಗೆ ವಾದ್ಯಮೇಳ ಸಿಕ್ಕಿತು, ಜಗತ್ತಿಗೆ ಮೆಟ್ನರ್ ಸಿಕ್ಕಿದ. ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರಿಗೆ, ಅಗ್ರಹಾರದ ಮೇಷ್ಟ್ರಿಗೆ, ಜಟಕಾ ಸಾಬರಿಗೆ ಏನು ಸಿಕ್ಕಿತು? ಅರಮನೆ ದುಡ್ಡು ಅಂದರೆ ಕೊನೆಗೆ ಯಾರ ದುಡ್ಡು? ಈ ಪ್ರಶ್ನೆ ಕೇಳುವವರದ್ದು ತಪ್ಪೇನಿಲ್ಲ.

ಅದೇ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದ್ದರು. ಅದು 'ಆಕಾಶವಾಣಿ' ಎಂದು ಹೆಸರಾಯಿತು. ಮೇಷ್ಟ್ರೊಬ್ಬರು ಊರಿಗೆಲ್ಲ ಕೇಳಿಸಿದರು. ದೊರೆ ಸಂಗ್ರಹಿಸಿದ್ದು ಅರಮನೆಯೊಳಗೇ ಉಳಿಯಿತು.

ಆದರೂ ಒಂದು ಲೆಕ್ಕ ಮಹಾರಾಜರ ಪರ ಹಾಕಲೇಬೇಕು. ಅವರು ಅಂಗಡಿಯಲ್ಲಿದ್ದ ಪ್ಲೇಟನ್ನಷ್ಟೇ ಕೊಂಡಿದ್ದರೆ ಅದು ಅವರ ಬೀರುವಿನಲ್ಲಿ ಮುಗಿಯುತ್ತಿತ್ತು. ಇಲ್ಲದ ಪ್ಲೇಟನ್ನು ಮಾಡಿಸಿದ್ದರಿಂದ ಅದು ಊರೂರಿಗೆ ಹೋಯಿತು. 1950ರ ಮೇ ತಿಂಗಳ ಆ ಕಚೇರಿಯ ಮುದ್ರಣವೂ ಮುಂದೆ ಎಲ್ಲರೂ ಕೊಳ್ಳುವಂಥ ರೆಕಾರ್ಡಾಗಿ, ಸಿ.ಡಿ.ಯಾಗಿ ಹೊರಬಂತು. ದನಿ ಮಂಕು, ಮೇಲೆ ಚರಪರ ಸದ್ದು. ಆದರೆ ಅದು ಮೊದಲ ದಿನದ ಹಾಡು!

ಅಟ್ಟದ ಮೇಲೆ ನೋಡಿ

ಮೈಸೂರಿನಲ್ಲೇ ಕಣ್ಮುಚ್ಚಿದ ಇನ್ನೊಬ್ಬರ ಕಥೆ ನೋಡಿ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನಿಗೆ ಹಾಡಿ, ಭಾರತದ ಮೊದಮೊದಲ ಪ್ಲೇಟು ಗಾಯಕಿಯಾದರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಕೂಗಿ ಹೇಳುತ್ತಿದ್ದರು. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಬೇಡವೇ? 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಇಲ್ಲೇ ತೀರಿಕೊಂಡರು.

ಅವರ ದನಿ ಉಳಿದದ್ದು ಹೇಗೆ? ಜನರ ಮನೆಗಳಲ್ಲಿ. ಕಂಪನಿಯ ಮೂಲ ಅಚ್ಚು ಕಳೆದುಹೋದ ಎಷ್ಟೋ ಹಾಡುಗಳು ಉಳಿದಿರುವುದು ಯಾರೋ ಕೊಂಡು, ಜೋಪಾನ ಮಾಡಿ, ಇನ್ನೊಬ್ಬರಿಗೆ ಕೊಟ್ಟ ಪ್ಲೇಟಿನಲ್ಲೇ. ಗೌಹರ್ ಜಾನ್ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ 'ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್' ಇಂಥ ಹಳೇ ಪ್ಲೇಟುಗಳನ್ನು ಡಿಜಿಟಲ್‌ಗೆ ಇಳಿಸಿ ಎಲ್ಲರಿಗೂ ಕೇಳಲು ಬಿಟ್ಟಿತು.

ಹಳೇ ಮನೆ ಒಡೆಯುವಾಗ, ಮಕ್ಕಳು ಪಾಲಾಗುವಾಗ ಅಟ್ಟದಿಂದ ಇಳಿಯುವ ಪೆಟ್ಟಿಗೆಯಲ್ಲಿ ಇಂಥದ್ದೇ ಒಂದು ಇರಬಹುದು. ಸಿಕ್ಕರೆ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಬಿಸಿಲಿಗೆ ಇಡಬೇಡಿ. ಅರಗಿನ ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಲೇಬೇಡಿ. ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸಿ ಪಾಲಿಶ್ ಮಾಡುವುದು, ನಿಮ್ಮ ಪ್ಲೇಟಿಗೂ ಅದೇ ಗತಿ. ಲಾಂಗ್ ಪ್ಲೇ ಮುಳ್ಳಿನಿಂದ 78ರ ಪ್ಲೇಟು ಹಾಕಬೇಡಿ. ಇದರ ಗೀರು ಅಗಲ, ಬೇರೆ ಮುಳ್ಳೇ ಬೇಕು.

ಹಂಚಿದರೆ ಕಾನೂನು ಹಿಡಿಯುತ್ತದಾ ಎಂಬ ಭಯವೇ? ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಡು ಕಟ್ಟಿದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಮನೆಯಲ್ಲಿ ನಾಲ್ಕು ಜನ ಕೂತು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಮಹಾರಾಜರ ಹಾಗೆ ಲಂಡನ್ನಿನ ವಾದ್ಯಮೇಳ ಸಾಕುವುದು ಯಾರಿಂದಲೂ ಆಗದು. ಇರುವ ಪ್ಲೇಟನ್ನು ಇನ್ನೊಬ್ಬರ ಕಿವಿಗೆ ಹಾಕುವುದು ಎಲ್ಲರಿಂದಲೂ ಆದೀತು. ಗುಜರಿಯವನು ಬೀದಿಯಲ್ಲಿ ಕೂಗುವ ಮುಂಚೆ ಒಂದು ಸಲ ಅಟ್ಟ ಹತ್ತಿ ನೋಡಿ.