ಅಟ್ಟದಲ್ಲಿ ಗೃಹ ಗಣಕಜಾಲದ ಅಳವಡಿಕೆ

ಗೃಹ ಗಣಕಜಾಲ ಎಂದರೆ ಒಂದು ಮನೆಯ ಗಣಕಯಂತ್ರ, ಮೊಬೈಲ್, ಟಿ.ವಿ., ಮುದ್ರಕ ಮೊದಲಾದ ಸಾಧನಗಳನ್ನು ಪರಸ್ಪರ ಹಾಗೂ ಅಂತರಜಾಲದೊಂದಿಗೆ ಜೋಡಿಸುವ ವ್ಯವಸ್ಥೆ. ಇದರ ಉಪಕರಣಗಳನ್ನು ಕೆಲವು ಮನೆಗಳಲ್ಲಿ ಅಟ್ಟದಲ್ಲಿ ಇರಿಸಲಾಗುತ್ತದೆ. ಅಟ್ಟವು ಕೋಣೆಗಳ ಮೇಲೆ ಹಾದುಹೋಗುವುದರಿಂದ ಗೋಡೆಗಳನ್ನು ಹೆಚ್ಚು ಕೊರೆಯದೆ ಕೇಬಲ್ ಎಳೆಯಬಹುದು. ಆದರೆ ಶಾಖ, ದೂಳು, ಇಲಿ ಮತ್ತು ಸಿಡಿಲಿನಿಂದ ಉಪಕರಣಗಳನ್ನು ಕಾಪಾಡಬೇಕಾಗುತ್ತದೆ.

ಪ್ರಾದೇಶಿಕ ಹಿನ್ನೆಲೆ

ಹಾಸನ ಜಿಲ್ಲೆಯ ಅರಸೀಕೆರೆ ತೆಂಗು ಬೆಳೆಯುವ ಬಯಲುಸೀಮೆಯ ತಾಲ್ಲೂಕು. ಬೇಲೂರು ತಾಲ್ಲೂಕಿನ ಪಶ್ಚಿಮ ಭಾಗ ಕಾಫಿ ಬೆಳೆಯುವ ಮಲೆನಾಡು. ಅದೇ ತಾಲ್ಲೂಕಿನ ಹಳೇಬೀಡಿನ ಕಡೆ ಮಳೆ ಅದಕ್ಕಿಂತ ಕಡಿಮೆ. ತೆಂಗಿನ ಸೀಮೆಯಲ್ಲಿ ಬಲಿತ ಕಾಯಿಗಳನ್ನು 8ರಿಂದ 12 ತಿಂಗಳು ಅಟ್ಟದಲ್ಲಿ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವ ಪದ್ಧತಿಯಿದೆ. ಕೊಬ್ಬರಿ ಒಣಗಲು ನೆರವಾಗುವ ಅಟ್ಟದ ಶಾಖವೇ ವಿದ್ಯುನ್ಮಾನ ಉಪಕರಣಗಳಿಗೆ ಹಾನಿಕರ.

ಉಪಕರಣಗಳ ಸ್ಥಾನ

ಮನೆ ಬಳಕೆಯ ಹೆಚ್ಚಿನ ರೂಟರ್‌ಗಳನ್ನು 0ಯಿಂದ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ರೂಪಿಸಲಾಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಹೆಂಚಿನ ಅಥವಾ ತಗಡಿನ ಮಾಡಿನ ಕೆಳಗೆ ಶಾಖ ಈ ಮಿತಿಯನ್ನು ಮೀರಬಹುದು. ವೈ-ಫೈ ರೂಟರಿನ ನೆಟ್ಟಗೆ ನಿಂತ ಆಂಟೆನಾ ಅಲೆಗಳನ್ನು ಮುಖ್ಯವಾಗಿ ಸುತ್ತಲೂ ಹರಡುತ್ತದೆ. ನೇರ ಕೆಳಗಿನ ಕೋಣೆಗೆ ಸಂಕೇತ ಕ್ಷೀಣವಾಗಿರುತ್ತದೆ. ಕಾಂಕ್ರೀಟ್ ಚಾವಣಿಯನ್ನು ದಾಟುವಾಗ 5 ಗಿಗಾಹರ್ಟ್ಸ್ ಅಲೆಗಳು 2.4 ಗಿಗಾಹರ್ಟ್ಸ್ ಅಲೆಗಳಿಗಿಂತ ಹೆಚ್ಚು ಕುಗ್ಗುತ್ತವೆ. ಆದ್ದರಿಂದ ಕೇಬಲ್‌ಗಳನ್ನು ಮಾತ್ರ ಅಟ್ಟದಲ್ಲಿ ಹಾಯಿಸಿ, ರೂಟರನ್ನು ಮನೆಯ ನಡುಭಾಗದ ಕೋಣೆಯಲ್ಲಿ ಎತ್ತರಕ್ಕೆ ಅಳವಡಿಸುವುದು ಸೂಕ್ತ. ಸ್ವಿಚ್ಚನ್ನು ಅಟ್ಟದಲ್ಲೇ ಇಡಬೇಕಾದರೆ ಗಾಳಿಯಾಡುವ ಪೆಟ್ಟಿಗೆಯಲ್ಲಿ, ಸೋರದ ಜಾಗದಲ್ಲಿ ಇಡಬೇಕು. ಯು.ಪಿ.ಎಸ್. ಬ್ಯಾಟರಿಯ ಆಯುಸ್ಸು ಶಾಖದಿಂದ ಕುಂದುವುದರಿಂದ ಅದು ಕೆಳಗೇ ಇರಬೇಕು.

ಕೇಬಲ್‌ಗಳು

ಕೋಣೆಗಳಿಗೆ ಸಾಮಾನ್ಯವಾಗಿ ಕ್ಯಾಟ್-6 ತಾಮ್ರದ ಕೇಬಲ್ ಬಳಸುತ್ತಾರೆ. ಈಥರ್ನೆಟ್‌ನಲ್ಲಿ ಒಂದು ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಕಾಯಿ, ಧಾನ್ಯ ಇರುವ ಅಟ್ಟಕ್ಕೆ ಇಲಿಗಳು ಬರುವುದು ಸಹಜ. ಅವು ಕೇಬಲಿನ ಹೊದಿಕೆ ಕಡಿಯದಂತೆ ಪಿ.ವಿ.ಸಿ. ಕೊಳವೆಯಲ್ಲಿ ಹಾಯಿಸಬೇಕು. ವಿದ್ಯುತ್ ತಂತಿಗಳಿಗೆ ಪ್ರತ್ಯೇಕ ಕೊಳವೆ ಇರಬೇಕು. ಪ್ರತಿ ಕೇಬಲಿನ ಎರಡೂ ತುದಿಗೆ ಕೋಣೆಯ ಹೆಸರು ಬರೆದಂಟಿಸಿದರೆ ಮುಂದೆ ದುರಸ್ತಿ ಸುಲಭ.

ಸಿಡಿಲಿನಿಂದ ರಕ್ಷಣೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ಅಪಾಯ ಹೆಚ್ಚು. ಆಪ್ಟಿಕಲ್ ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ಹರಿಸುವುದಿಲ್ಲ. ಆದರೂ ಕಂಬದಿಂದ ಬರುವ ಫೈಬರ್ ಕೇಬಲಿಗೆ ಆಧಾರವಾಗಿ ಉಕ್ಕಿನ ತಂತಿ ಇರಬಹುದು. ವಿದ್ಯುತ್ ಮಾರ್ಗದಿಂದಲೂ ಆಘಾತ ಬರಬಹುದು. ಸರ್ಜ್ ರಕ್ಷಕಕ್ಕೆ ಸರಿಯಾದ ಅರ್ತಿಂಗ್ ಅವಶ್ಯ. ಆದರೆ ಸಿಡಿಲು ನೇರವಾಗಿ ಬಡಿದರೆ ಅದೂ ಸಾಲದು. ಗುಡುಗು ಕೇಳಿಸುವ ಮೊದಲೇ ಉಪಕರಣಗಳ ಪ್ಲಗ್ ಮತ್ತು ಹೊರಗಿನಿಂದ ಬರುವ ಕೇಬಲ್ ತೆಗೆಯುವುದು ಹೆಚ್ಚು ಸುರಕ್ಷಿತ. ಗುಡುಗು ಆರಂಭವಾದ ಮೇಲೆ ಅವನ್ನು ಮುಟ್ಟಬಾರದು. ಪ್ಲಗ್ ಕೈಗೆಟುಕುವಂತೆ ಕೆಳಗಿದ್ದರೆ ಇದಕ್ಕಾಗಿ ಅಟ್ಟ ಹತ್ತಬೇಕಾಗುವುದಿಲ್ಲ.