ಕಬ್ಬಿನ ದರದ ಜಾಡು ಹಿಡಿದು ಸಂಸತ್ತಿಗೆ

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕೂತರು. ಈ ಸೀಮೆಯ ಬದುಕನ್ನು ತಟ್ಟುವ ಕಬ್ಬಿನ ದರದ ಬೇರು ದೆಹಲಿಯಲ್ಲಿದೆ. 1966ರ ಕಬ್ಬು ನಿಯಂತ್ರಣ ಆದೇಶದಡಿ ನ್ಯಾಯಸಮ್ಮತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ನಿಗದಿ ಮಾಡುವುದು ಕೇಂದ್ರ ಸರ್ಕಾರ. 2025–26ರ ಹಂಗಾಮಿಗೆ ಅದು ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ.

ಸಂಸತ್ತಿನಲ್ಲಿ ಇದನ್ನು ಯಾರು ಪ್ರಶ್ನಿಸಿದ್ದಾರೆ, ಎಷ್ಟು ಸಲ?

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ, 230 ಚುಕ್ಕೆರಹಿತ ಪ್ರಶ್ನೆಗಳಿಗೆ ಅವಕಾಶವಿದೆ. ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರ 1999ರಿಂದ 2019ರವರೆಗಿನ ಸುಮಾರು 3 ಲಕ್ಷ ಪ್ರಶ್ನೆಗಳನ್ನು ಒಂದೆಡೆ ಕಲೆಹಾಕಿದೆ. ಇಷ್ಟನ್ನು ಒಬ್ಬರೇ ಕೂತು ಓದಿ ಮುಗಿಸಲು ವರ್ಷಗಳೇ ಬೇಕು. ಕಂಪ್ಯೂಟರ್‌ ಮಾತ್ರ ಯಾವ ಪದಗಳು ಜೊತೆಜೊತೆಯಾಗಿ ಬರುತ್ತವೆ ಎಂದು ಎಣಿಸಿ, ವಿಷಯವಾರು ಗುಂಪು ಮಾಡಿಕೊಡುತ್ತದೆ. ‘ಕಬ್ಬು’, ‘ಬಾಕಿ’, ‘ಕಾರ್ಖಾನೆ’ ಒಂದು ಗುಂಪು. ‘ಬಡ್ಡಿ’, ‘ಬ್ಯಾಂಕ್‌’, ‘ಹಣದುಬ್ಬರ’ ಇನ್ನೊಂದು. ಲಂಡನ್‌ ಸ್ಕೂಲ್‌ ಆಫ್‌ ಎಕನಾಮಿಕ್ಸ್‌ನ ಚೆರಿಲ್‌ ಶೊನ್‌ಹಾರ್ಟ್‌-ಬೈಲಿ ಬ್ರಿಟಿಷ್‌ ಸಂಸದೀಯ ಸಮಿತಿಗಳ ಆರ್ಥಿಕ ವಿಚಾರಣೆಗಳನ್ನು ಇದೇ ಬಗೆಯಲ್ಲಿ ಅಳೆದರು.

ರಾಜ್ಯ ವಿಧಾನಮಂಡಲದ ಕನ್ನಡ ಕಲಾಪಗಳನ್ನು ಹೀಗೆ ಎಣಿಸುವಾಗ ತೊಡಕು ಬೇರೆ. ‘ಕಬ್ಬು’, ‘ಕಬ್ಬಿನ’, ‘ಕಬ್ಬಿಗೆ’, ‘ಕಬ್ಬನ್ನು’ ನಮಗೆ ಒಂದೇ ಬೆಳೆ. ಯಂತ್ರಕ್ಕೆ ನಾಲ್ಕು ಪದ. ವಿಭಕ್ತಿ ಪ್ರತ್ಯಯ ಕಳಚಿ ಮೂಲರೂಪ ಹಿಡಿಯುವುದನ್ನು ಮೊದಲು ಅದಕ್ಕೆ ಕಲಿಸಬೇಕು. ಹಾಗೆ ಕಲಿಸಿದರೆ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಗಳಲ್ಲಿ ಕಬ್ಬಿನ ಬಾಕಿ ಬಗ್ಗೆ ಯಾರು ಏನು ಕೇಳಿದರು, ಯಾವ ಉತ್ತರ ಬಂತು ಎಂಬುದನ್ನು ಬೆಳೆಗಾರರೇ ವರ್ಷವಾರು ಹುಡುಕಿ ನೋಡಬಹುದು.